ಓಟು ಕೇಳುವ ಮುಂಚೆ

ಒಂದೇ ಸಲ. ವಿದ್ಯಾರ್ಥಿ ಸಂಘದ ಪದಾಧಿಕಾರಿ ಸ್ಥಾನಕ್ಕೆ ಒಬ್ಬರು ಒಂದೇ ಸಲ ನಿಲ್ಲಬಹುದು. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಇದು ವಿದ್ಯಾರ್ಥಿ ಸಂಘಗಳ ಚುನಾವಣೆಗೆಂದು ಲಿಂಗ್ಡೋ ಸಮಿತಿ ಹಾಕಿಕೊಟ್ಟ ನಿಯಮ. ನಾಮಪತ್ರ ತುಂಬುವಾಗ ಈ ಸಾಲನ್ನು ಎರಡು ಸಲ ಓದಿದೆ. ಆಮೇಲೆ ಸಹಿ ಹಾಕಿದೆ. ಅದು 2018ರ ಆಗಸ್ಟ್. ಮುಂಬಯಿಯಲ್ಲಿ ಮಳೆ ಬಿಟ್ಟೂಬಿಡದೆ ಸುರಿಯುತ್ತಿತ್ತು. ನಾನು ಎಂ.ಎ. ಎರಡನೇ ವರ್ಷದಲ್ಲಿದ್ದೆ. 23 ವರ್ಷ. ನಿಂತದ್ದು ಅಧ್ಯಕ್ಷ ಸ್ಥಾನಕ್ಕೆ.

ನಾನು ಓದಿದ ವಿದ್ಯಾಲಯದ ಹೆಸರು ಇಲ್ಲಿ ಬೇಡ. ಡೊಂಬಿವಲಿಯ ನಮ್ಮ ಮನೆಯಿಂದ ಅಲ್ಲಿಗೆ ಹೋಗಬೇಕಾದರೆ ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನಿನ ಗಾಡಿ ಹಿಡಿಯಬೇಕು, ಅಷ್ಟು ಹೇಳಿದರೆ ಸಾಕು. ಸಾವಿರದ ಚಿಲ್ಲರೆ ವಿದ್ಯಾರ್ಥಿಗಳು. ಅರ್ಧಕ್ಕಿಂತ ಜಾಸ್ತಿ ಜನ ಹಾಸ್ಟೆಲ್‌ನವರು, ಬೇರೆ ಬೇರೆ ರಾಜ್ಯಗಳಿಂದ ಬಂದವರು. ಉಳಿದವರು ನನ್ನ ಹಾಗೆ ಲೋಕಲ್‌ನಲ್ಲಿ ಜೋತಾಡಿಕೊಂಡು ಬರುವವರು.

ನಮ್ಮಲ್ಲಿ ಚುನಾವಣೆ ಇದೆ ಅಂದರೆ ಬೇರೆ ಕಾಲೇಜಿನ ಗೆಳತಿಯರು ನಂಬುತ್ತಲೇ ಇರಲಿಲ್ಲ. 'ಅಂದ್ರೆ ನಿಜವಾಗಿ ಪೆಟ್ಟಿಗೆ ಇಟ್ಟು ಓಟು ಹಾಕ್ತೀರಾ?' ಎಂದು ಕೇಳುತ್ತಿದ್ದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ರಾಜ್ಯದ ಕಾಯ್ದೆಯಡಿ ಬರುವ ಮಹಾರಾಷ್ಟ್ರದ ಕಾಲೇಜುಗಳಲ್ಲಿ ನೇರ ಚುನಾವಣೆ ನಿಂತು ಆಗಲೇ ಎರಡು ದಶಕ ಕಳೆದಿತ್ತು. 1989ರಲ್ಲಿ ಮುಂಬಯಿಯಲ್ಲಿ ಒಬ್ಬ ವಿದ್ಯಾರ್ಥಿ ನಾಯಕನ ಕೊಲೆಯಾಯಿತು. ಕಾಲೇಜು ಚುನಾವಣೆ ಅಂದರೆ ಹೊಡೆದಾಟ ಎಂಬ ಹೆದರಿಕೆ ಜನರಲ್ಲಿ ಕೂತುಬಿಟ್ಟಿತು. 1994ರ ವಿಶ್ವವಿದ್ಯಾಲಯ ಕಾಯ್ದೆ ಬಂದ ಮೇಲೆ ಅಂಕ ನೋಡಿ ಪ್ರತಿನಿಧಿಗಳನ್ನು ಆರಿಸುವ ಪದ್ಧತಿ ಬಂತು. ಕ್ಲಾಸಿಗೆ ಮೊದಲು ಬಂದವರೇ ಕ್ಲಾಸಿನ ಪ್ರತಿನಿಧಿ. 2016ರ ಹೊಸ ಕಾಯ್ದೆಯಲ್ಲಿ ಚುನಾವಣೆ ಮತ್ತೆ ಬಂತು, ಆದರೆ ಕಾಗದದ ಮೇಲೆ. 2019ರಲ್ಲಿ ನಡೆಯುತ್ತದೆ ಎಂದರು. ಅಷ್ಟರಲ್ಲಿ ವಿಧಾನಸಭೆ ಚುನಾವಣೆ ಬಂತು, ಮುಂದಕ್ಕೆ ಹೋಯಿತು. ಆಮೇಲೆ ಕೋವಿಡ್. ನನ್ನ ತಂಗಿ ಡಿಗ್ರಿ ಮುಗಿಸಿದಳು, ಒಂದು ಸಲವೂ ತನ್ನ ಕಾಲೇಜಿನಲ್ಲಿ ಓಟು ಹಾಕಲಿಲ್ಲ. 18 ತುಂಬಿದವರು ದೇಶದ ಸರ್ಕಾರ ಆರಿಸಬಹುದು, ತಮ್ಮ ಕ್ಯಾಂಟೀನ್ ಸಮಿತಿಗೆ ಒಬ್ಬರನ್ನು ಆರಿಸುವ ಹಾಗಿಲ್ಲ. ಇದು ನನಗೆ ಇವತ್ತಿಗೂ ಬೇಸರದ ವಿಷಯ.

ನಾನು ಯಾಕೆ ನಿಂತೆ? ನಿಜ ಹೇಳಬೇಕೆಂದರೆ, ನನಗೆ ಚೆನ್ನಾಗಿ ಮಾತಾಡಲು ಬರುತ್ತಿತ್ತು. ಚರ್ಚಾ ಸ್ಪರ್ಧೆಗಳಲ್ಲಿ ಬಹುಮಾನ ಬಂದಿತ್ತು. ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ವೇದಿಕೆ ಹತ್ತಿ ಮಾತಾಡುತ್ತಿದ್ದೆ. ಗೆಳೆಯರು 'ನೀನು ನಿಂತ್ಕೋ' ಅಂದರು. ಒಂದು ರಾತ್ರಿ ಕೂತು 21 ಭರವಸೆಗಳ ಪಟ್ಟಿ ಬರೆದೆ. ಲೈಬ್ರರಿ ರಾತ್ರಿ ಹನ್ನೊಂದರವರೆಗೆ ತೆರೆದಿರಬೇಕು. ಲೋಕಲ್‌ನಲ್ಲಿ ಬರುವವರಿಗೆ ಲಾಕರ್ ಬೇಕು. ಕ್ಯಾಂಪಸ್ಸಿನಲ್ಲಿ ಸೈಕಲ್ ಬೇಕು. ಹೀಗೆ. ಅದರಲ್ಲಿ ಒಂದೂ ಸುಳ್ಳಲ್ಲ. ಆದರೆ 21ರಲ್ಲಿ 19 ನನ್ನದೇ ತಲೆಯಿಂದ ಬಂದವು. ಬೇರೆ ಯಾರನ್ನೂ ನಾನು ಕೇಳಿರಲಿಲ್ಲ.

ಮನೆಯಲ್ಲಿ ಹೇಳಿದಾಗ ಅಮ್ಮ, 'ಎಂತಕ್ಕೆ ಬೇಕು ಮಗಾ ಇದೆಲ್ಲ, ಪರೀಕ್ಷೆ ಹತ್ರ ಬಂತಲ್ಲ' ಅಂದಳು. ನಮ್ಮದು ಕುಂದಾಪುರ ಕಡೆಯ ಮನೆ. ಅಪ್ಪ ಹನ್ನೆರಡನೇ ವಯಸ್ಸಿಗೆ ದೊಡ್ಡಪ್ಪನ ಬೆನ್ನು ಹಿಡಿದು ಮುಂಬಯಿಗೆ ಬಂದವರು. ಹಗಲು ಫೋರ್ಟಿನ ಹೋಟೆಲ್‌ನಲ್ಲಿ ಲೋಟ ತೊಳೆದು, ರಾತ್ರಿ ಅಲ್ಲೇ ಹತ್ತಿರದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಪಾಸಾದರು. ಕೊನೆಗೆ ಗಲ್ಲೆಯ ಮೇಲೆ ಕೂರುವವರೆಗೆ ಬಂದರು. ಆ ರಾತ್ರಿ ಶಾಲೆಗಳು ಇಲ್ಲದಿದ್ದರೆ ಮುಂಬಯಿ ಕನ್ನಡಿಗರ ಒಂದು ಇಡೀ ತಲೆಮಾರು ಅಕ್ಷರವಿಲ್ಲದೆ ಮೇಜು ಒರೆಸುತ್ತಲೇ ಇರುತ್ತಿತ್ತು. ಅಪ್ಪ ಚುನಾವಣೆಯ ಬಗ್ಗೆ ಏನೂ ಹೇಳಲಿಲ್ಲ. 'ದೊಡ್ಡಪ್ಪನ ಹತ್ರ ಒಂದು ಮಾತು ಹೇಳು' ಅಂದರು.

ದೊಡ್ಡಪ್ಪನಿಗೆ ಆಗ 78. ಗಿರಗಾಂವ್‌ನ ಹೋಟೆಲ್‌ನಲ್ಲಿ ಮಾಣಿಯಾಗಿ ಶುರು ಮಾಡಿದವರು. ಚುನಾವಣೆ ಅಂದ ಕೂಡಲೇ ಅವರು 1967ಕ್ಕೆ ಹೋಗಿಬಿಡುತ್ತಾರೆ. ದಕ್ಷಿಣ ಮುಂಬಯಿ ಕ್ಷೇತ್ರ. ಒಂದು ಕಡೆ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲ್, ಅವರನ್ನು ಸೋಲಿಸಬಹುದು ಎಂದು ಯಾರೂ ಅಂದುಕೊಂಡಿರಲಿಲ್ಲ. ಇನ್ನೊಂದು ಕಡೆ ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸ್. ಇಪ್ಪತ್ತರ ಹತ್ತಿರದ ಹುಡುಗನಾಗಿ ಈ ಊರಿಗೆ ಬಂದು, ಚೌಪಾಟಿಯ ಬೆಂಚಿನ ಮೇಲೆ ಮಲಗಿದವರು. ಹೋಟೆಲ್ ಕೆಲಸಗಾರರು, ಟ್ಯಾಕ್ಸಿ ಚಾಲಕರು, ಪಾಲಿಕೆಯ ನೌಕರರು, ಎಲ್ಲರನ್ನೂ ಸಂಘ ಕಟ್ಟಿಸಿದವರು. ಪಾಟೀಲರನ್ನು ಸೋಲಿಸಿದರು. ಇಡೀ ದೇಶ ತಿರುಗಿ ನೋಡಿತು.

ಅವತ್ತು ದೊಡ್ಡಪ್ಪ ಹೇಳಿದ ಮಾತು ಇದು: 'ಓಟ್ ಕೇಂಬುಕೆ ಬಪ್ಪು ಮೊದ್ಲೇ ಅವ್ರ್ ನಮ್ ಕಷ್ಟ ಕೇಂಡಿದ್ರ್, ಮಗಾ.' ಓಟು ಕೇಳಲು ಬರುವ ಮೊದಲೇ ಅವರು ನಮ್ಮ ಕಷ್ಟ ಕೇಳಿದ್ದರು. ನಾನು ಹೂಂ ಅಂದೆ. ಕಥೆ ಚೆನ್ನಾಗಿದೆ ಅನಿಸಿತು. ಅಷ್ಟೇ. ಆ ಮಾತು ಆಗ ನನ್ನೊಳಗೆ ಇಳಿಯಲಿಲ್ಲ.

ಪ್ರಚಾರಕ್ಕೆ ಸಿಕ್ಕಿದ್ದು ಎಂಟು ದಿನ. ಲಿಂಗ್ಡೋ ನಿಯಮಗಳ ಬಗ್ಗೆ ಹಲವರಿಗೆ ಸಿಟ್ಟಿದೆ. ನನಗೆ ಕೆಲವು ತುಂಬಾ ಇಷ್ಟ. ಜೆ.ಎಂ. ಲಿಂಗ್ಡೋ ದೇಶದ ಮುಖ್ಯ ಚುನಾವಣಾ ಆಯುಕ್ತರಾಗಿದ್ದವರು. ಅವರ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಒಪ್ಪಿಕೊಂಡಿತು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವ ಹಾಗಿಲ್ಲ. ಅಚ್ಚು ಹಾಕಿಸಿದ ಪೋಸ್ಟರ್ ಇಲ್ಲ, ಕೈಯಲ್ಲಿ ಬರೆದದ್ದು ಮಾತ್ರ. ಧ್ವನಿವರ್ಧಕ ಇಲ್ಲ, ವಾಹನ ಇಲ್ಲ. ಹಾಜರಿ 75 ಪ್ರತಿಶತ ಇರಬೇಕು. ಹೀಗಾಗಿ ಅಪ್ಪನಿಗೆ ದುಡ್ಡಿರುವ ಹುಡುಗನೂ ಗಲ್ಲೆಯವನ ಮಗಳೂ ಒಂದೇ ಚಾರ್ಟ್ ಪೇಪರ್ ಮೇಲೆ ಒಂದೇ ಸ್ಕೆಚ್ ಪೆನ್ನಿನಲ್ಲಿ ಬರೆಯಬೇಕಾಯಿತು. ಒಂದೇ ಸಲ ನಿಲ್ಲಬೇಕು ಅನ್ನುವ ನಿಯಮ ಮಾತ್ರ ಕ್ರೂರ ಅನಿಸುತ್ತದೆ. ಸೋತವರೇ ಅಲ್ವಾ ಕಲಿತಿರುವುದು?

ಕೈಯಲ್ಲಿ ಬರೆದದ್ದನ್ನು ಜೆರಾಕ್ಸ್ ಮಾಡಬಹುದೇ ಎಂದು ಚುನಾವಣಾ ಸಮಿತಿಯಲ್ಲಿ ಅರ್ಧ ದಿನ ಚರ್ಚೆಯಾಯಿತು. ಮಾಡಬಹುದು ಅಂದರು. ಮೊದಲ ದಿನ ಹಚ್ಚಿದ ಪೋಸ್ಟರುಗಳು ಎರಡನೇ ದಿನದ ಮಳೆಗೆ ಕರಗಿ ನೀಲಿ ನೀರಾಗಿ ಗೋಡೆಯ ಮೇಲೆ ಇಳಿದವು. ಮೂರನೇ ದಿನ ಅಮ್ಮ ಮನೆಯಲ್ಲಿದ್ದ ಹಳೆಯ ಪ್ಲಾಸ್ಟಿಕ್ ಚೀಲಗಳನ್ನೆಲ್ಲ ಕತ್ತರಿಸಿ ಕೊಟ್ಟಳು. ಬೇಡ ಅಂದವಳೇ ರಾತ್ರಿ ಕೂತು ಕತ್ತರಿಸಿದ್ದಳು.

ನಾಲ್ಕನೇ ದಿನ ಒಬ್ಬ ಗೆಳೆಯ ಲೆಕ್ಕ ಹಾಕಿದ. ಮೂವರು ಅಭ್ಯರ್ಥಿಗಳು. ಓಟು ಹಂಚಿಹೋಗುತ್ತವೆ. ಮೂವತ್ತು ನಲವತ್ತು ಓಟು ಒಟ್ಟಿಗೆ ಸಿಕ್ಕರೆ ಅದೇ ದೊಡ್ಡದು. 'ನಿಮ್ಮ ಕನ್ನಡದವರು ಎಷ್ಟಿದ್ದಾರೆ?' ಅಂತ ಕೇಳಿದ. ನಾನು ಯೋಚಿಸಿಯೇ ಇರಲಿಲ್ಲ. ಹೆಸರುಗಳನ್ನು ನೋಡುತ್ತಾ ಹೋದೆವು. 38 ಜನ ಸಿಕ್ಕರು. ಅವತ್ತೇ ಒಬ್ಬೊಬ್ಬರಿಗೂ ಮೆಸೇಜ್ ಕಳಿಸಿದೆ. 'ನಾವೆಲ್ಲ ಕನ್ನಡದವರು ಒಂದು ಸಲ ಸೇರೋಣ, ಸಂಜೆ ಆರಕ್ಕೆ, ಕ್ಯಾಂಟೀನ್ ಹಿಂದೆ.' ಕನ್ನಡದಲ್ಲೇ ಬರೆದಿದ್ದೆ. ಆ ಕ್ಯಾಂಪಸ್ಸಿನಲ್ಲಿ ನಾನು ಕನ್ನಡದಲ್ಲಿ ಬರೆದ ಮೊದಲ ಮೆಸೇಜ್ ಅದು.

ಬಂದವರು 11 ಜನ. ಸುತ್ತ ನೋಡಿದರೆ 'ನಾವೆಲ್ಲ' ಅನ್ನುವ ನನ್ನ ಮಾತು ಅಲ್ಲೇ ಸಡಿಲವಾಯಿತು. ಇಬ್ಬರು ಮಂಗಳೂರಿನವರು, ತಮ್ಮೊಳಗೆ ತುಳು ಮಾತಾಡುತ್ತಿದ್ದರು. ಒಬ್ಬ ಭಟ್ಕಳದವನು, ಮನೆಮಾತು ನವಾಯತಿ. ಒಬ್ಬ ಹುಡುಗ ಸಾಂಗ್ಲಿ ಜಿಲ್ಲೆಯ ಜತ್ ತಾಲ್ಲೂಕಿನವನು. ಅವನು ಹುಟ್ಟಿದ್ದೂ ಬೆಳೆದದ್ದೂ ಮಹಾರಾಷ್ಟ್ರದಲ್ಲೇ, ಓದಿದ್ದು ಅಲ್ಲಿಯ ಕನ್ನಡ ಶಾಲೆಯಲ್ಲಿ. 'ನಾ ಕರ್ನಾಟಕದವ ಅಲ್ರೀ, ಕನ್ನಡದವ' ಅಂದ. ಅದನ್ನು ಅವನು ಎಷ್ಟೋ ಸಲ ಎಷ್ಟೋ ಜನರಿಗೆ ಹೇಳಿ ಸವೆಸಿದ್ದಾನೆ ಎಂದು ಗೊತ್ತಾಗುತ್ತಿತ್ತು. ಮೂವರು ನನ್ನ ಹಾಗೆ ಮುಂಬಯಿಯಲ್ಲೇ ಬೆಳೆದವರು. ಅವರಲ್ಲಿ ಒಬ್ಬಳಿಗೆ ಕನ್ನಡ ಅರ್ಥವಾಗುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ಉಳಿದವರು ಉತ್ತರ ಕರ್ನಾಟಕದವರು. ಹಾಸ್ಟೆಲ್‌ನವರು.

ನಾನು ಮಾತು ಶುರು ಮಾಡಿದೆ. ನಮ್ಮ ಭಾಷೆ, ನಮ್ಮ ಜನ, ಇಷ್ಟು ದೂರದ ಊರಿನಲ್ಲಿ ಒಬ್ಬರಿಗೊಬ್ಬರು ಆಗಬೇಕು ಎಂದೆಲ್ಲ ಹೇಳಿದೆ. ಚೆನ್ನಾಗಿಯೇ ಹೇಳಿದೆ ಅಂತ ಕಾಣುತ್ತದೆ. ಜತ್ ಹುಡುಗ ತಲೆಯಾಡಿಸುತ್ತಿದ್ದ. ಆಗ ಹಿಂದೆ ನಿಂತಿದ್ದ ಒಬ್ಬ ಹುಡುಗಿ ಕೇಳಿದಳು.

'ಒಂದು ವರ್ಷ ಒಂದ ಮೆಸ್ಸಿನ್ಯಾಗ ಉಂಡೇವಿ. ಒಮ್ಮಿನೂ ನೀವು ನನ್ನ ಮಾತಾಡ್ಸಿಲ್ಲ. ಈಗ ಓಟು ಬೇಕಾದ ಕೂಡ್ಲೆ ಕನ್ನಡ ನೆನಪಾತೇನ್ರಿ?'

ಅವಳು ಹಾವೇರಿ ಜಿಲ್ಲೆಯವಳು. ಬೇರೆ ವಿಭಾಗದಲ್ಲಿ ನನ್ನದೇ ವರ್ಷ. ಜೋರಾಗಿ ಕೇಳಲಿಲ್ಲ. ಬೈಯಲಿಲ್ಲ. ಕೇಳಿ, ಉತ್ತರಕ್ಕೆ ಸ್ವಲ್ಪ ಹೊತ್ತು ಕಾದಳು. ನನಗೆ ಏನೂ ಹೊಳೆಯಲಿಲ್ಲ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೋದಳು.

ನೀವು ಕನ್ನಡದವರು ಅಂತ ನನಗೆ ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು. ಆದರೆ ಅದು ಸುಳ್ಳಾಗುತ್ತಿತ್ತು. ಮೊದಲ ವರ್ಷದ ಶುರುವಿನಲ್ಲಿ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಅವಳು ಅವ್ವನ ಜೊತೆ ಫೋನಿನಲ್ಲಿ ಮಾತಾಡುವುದು ಎಷ್ಟೋ ಸಲ ನನ್ನ ಕಿವಿಗೆ ಬಿದ್ದಿತ್ತು. ಒಮ್ಮೆ ಅಳುತ್ತಿದ್ದಳು. 'ಇಲ್ಲಿ ಯಾರೂ ಇಲ್ಲ ಯವ್ವಾ' ಅಂದದ್ದೂ ಕೇಳಿಸಿತ್ತು. ನಾನು ಪಕ್ಕದಲ್ಲೇ ಮೆಟ್ಟಿಲು ಹತ್ತಿ ಹೋಗಿದ್ದೆ. ತಡವಾಗಿತ್ತು, ಕ್ಲಾಸಿತ್ತು. ಇದನ್ನು ಬರೆಯುವಾಗಲೂ ನನಗೆ ಕಷ್ಟವಾಗುತ್ತಿದೆ.

ಮುಂಬಯಿಯಲ್ಲಿ ಬೆಳೆದ ನಮಗೆ ಕನ್ನಡ ಅಂದರೆ ಮನೆಯ ಬಾಗಿಲೊಳಗಿನ ಭಾಷೆ. ಅಪ್ಪ ಅಮ್ಮ, ಊರಿನ ಮದುವೆ, ವರ್ಷಕ್ಕೊಂದು ಯಕ್ಷಗಾನ, ಮಾಟುಂಗಾದಲ್ಲಿ ಒಂದು ಕಾರ್ಯಕ್ರಮ. ಚಪ್ಪಲಿ ಹಾಕಿ ಹೊರಗೆ ಬಂದರೆ ಮರಾಠಿ, ಹಿಂದಿ. ಯಾರೂ ಬಲವಂತ ಮಾಡಿದ್ದಲ್ಲ, ಹಾಗೆ ರೂಢಿಯಾದದ್ದು. ಆ ಹುಡುಗಿಗೆ ಹಾಗಲ್ಲ. ಅವಳಿಗೆ ಒಳಗೂ ಹೊರಗೂ ಒಂದೇ ಭಾಷೆ ಇತ್ತು. ಇಲ್ಲಿಗೆ ಬಂದ ದಿನ ಅದು ಪೂರ್ತಿ ಕೈತಪ್ಪಿತು. ನಾನು ನನ್ನ ರೂಢಿಯಲ್ಲಿ ಹಾಯಾಗಿದ್ದೆ. ಅವಳ ಬಾಯಿ ಕಟ್ಟಿತ್ತು.

ಅವತ್ತು ಕುರ್ಲಾದಿಂದ ಡೊಂಬಿವಲಿಯ ಗಾಡಿಯಲ್ಲಿ ಬಾಗಿಲ ಹತ್ತಿರ ನಿಂತು ಬರುವಾಗ ದೊಡ್ಡಪ್ಪನ ಮಾತು ನೆನಪಾಯಿತು. ಮರಾಠಿಯಲ್ಲಿ ಓಟು 'ಮಾಗಣೆ' ಬೇರೆ, ಮಾತು 'ಐಕಣೆ' ಬೇರೆ. ಹಿಂದಿಯಲ್ಲೂ 'ಮಾಂಗ್ನಾ' ಬೇರೆ, 'ಸುನ್ನಾ' ಬೇರೆ. ನಮ್ಮಲ್ಲಿ ಎರಡಕ್ಕೂ ಒಂದೇ ಮಾತು. ಓಟು ಕೇಳು. ಕಷ್ಟ ಕೇಳು. ಹುಟ್ಟಿದಾಗಿನಿಂದ ಬಳಸಿದ ಪದ. ಅದರ ಅರ್ಧ ಮಾತ್ರ ನಾನು ಬಳಸುತ್ತಿದ್ದೆ.

ಮರುದಿನ ಅವಳನ್ನು ಹುಡುಕಿಕೊಂಡು ಹೋದೆ. ಅದೇ ಮೆಟ್ಟಿಲ ಮೇಲೆ ಸಿಕ್ಕಳು. 'ಓಟಿನ ಮಾತು ಬ್ಯಾಡ ಅಂದ್ರ ಕೂಡ್ರಿ' ಅಂದಳು. ಕೂತೆ. ಸುಮಾರು ಹೊತ್ತು ಇಬ್ಬರೂ ಸುಮ್ನೆ ಮಳೆ ನೋಡಿದೆವು. ತಪ್ಪಾಯಿತು ಅಂದೆ. 'ಆತು ಬಿಡ್ರಿ' ಅಂದಳು. ಆಮೇಲೆ ನಿಧಾನವಾಗಿ ಅವಳ ಫೀಸಿನ ಕಥೆ ಹೊರಗೆ ಬಂತು.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಎಸ್ಸೆಸ್ಸೆಲ್ಸಿ ನಂತರದ ಓದಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಇದೆ. ಆದರೆ ಆಗ ಅದನ್ನು ಕೊಡುತ್ತಿದ್ದದ್ದು ವಿದ್ಯಾರ್ಥಿಯ ಸ್ವಂತ ರಾಜ್ಯ. ಅಂದರೆ ಮುಂಬಯಿಯಲ್ಲಿ ಓದುವ ಹಾವೇರಿ ಹುಡುಗಿಯ ಕಾಗದಗಳು ಕರ್ನಾಟಕಕ್ಕೆ ಹೋಗಬೇಕು. ತಹಶೀಲ್ದಾರರ ಕಚೇರಿಯ ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಊರಿನಿಂದ ಬರಬೇಕು. ಇಲ್ಲಿಂದ ವ್ಯಾಸಂಗ ಪ್ರಮಾಣಪತ್ರ, ಫೀಸಿನ ವಿವರ ಹೋಗಬೇಕು. ಒಂದು ಸಹಿ ತಪ್ಪಿದರೆ ಮತ್ತೆ ಮೊದಲಿನಿಂದ. ದುಡ್ಡು ಬರುವಷ್ಟರಲ್ಲಿ ವರ್ಷ ಮುಗಿಯುತ್ತಾ ಬಂದಿರುತ್ತದೆ. ನಮ್ಮ ವಿದ್ಯಾಲಯ ಮಾತ್ರ ಹಾಸ್ಟೆಲ್ ಮತ್ತು ಮೆಸ್ಸಿನ ದುಡ್ಡನ್ನು ಶುರುವಿನಲ್ಲೇ ಕಟ್ಟಿಸಿಕೊಳ್ಳುತ್ತಿತ್ತು. ವಿದ್ಯಾರ್ಥಿವೇತನ ಬಂದಾಗ ವಾಪಸ್ ಕೊಡುತ್ತೇವೆ ಅನ್ನುತ್ತಿದ್ದರು. ಅವಳ ಅಪ್ಪ ಊರಿನಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ತಂದು ಕಟ್ಟಿದ್ದರು. ತಿಂಗಳಿಗೆ ಮೂರು. ವಿದ್ಯಾರ್ಥಿವೇತನ ಬಂದರೂ ಅದರಲ್ಲಿ ಬಡ್ಡಿ ಇರುವುದಿಲ್ಲ. 'ಸರ್ಕಾರ ಫೀಸು ಕೊಡ್ತದ. ಬಡ್ಡಿ ಯಾರು ಕೊಡ್ತಾರ?' ಅಂದಳು. ಬಾಕಿ ಇದ್ದವರಿಗೆ ಪರೀಕ್ಷೆಯ ಹಾಲ್ ಟಿಕೆಟ್ ಕೊಡಲು ಸತಾಯಿಸುತ್ತಾರೆ ಎಂದೂ ಹೇಳಿದಳು. ಅವಳೊಬ್ಬಳೇ ಅಲ್ಲ. ಬಿಹಾರದವರು, ಒಡಿಶಾದವರು, ವಿದರ್ಭದವರು, ತುಂಬಾ ಜನ ಇದ್ದರು.

ನನ್ನ 21 ಭರವಸೆಗಳಲ್ಲಿ ಇದು ಇರಲೇ ಇಲ್ಲ. ಅವಳು ಕುಳಿತಿದ್ದ ಮೆಟ್ಟಿಲಿನಿಂದ ಹತ್ತು ಹೆಜ್ಜೆ ದೂರದ ಗೋಡೆಯ ಮೇಲೆ ನನ್ನ ಪೋಸ್ಟರ್ ಇತ್ತು. ಅದರಲ್ಲಿ ಸೈಕಲ್ ಚಿತ್ರ ಬರೆದಿದ್ದೆ.

ಉಳಿದದ್ದು ಮೂರು ದಿನ. ಆ ಮೂರು ದಿನ ನಾನು ಭಾಷಣ ಬಿಟ್ಟೆ. ಒಂದು ನೋಟ್ ಪುಸ್ತಕ ಹಿಡಿದುಕೊಂಡು ಹಾಸ್ಟೆಲ್‌ಗಳಿಗೆ ಹೋದೆ. ಹುಡುಗರ ಹಾಸ್ಟೆಲ್‌ನ ಹಾಲ್‌ನಲ್ಲಿ ರಾತ್ರಿ ಹತ್ತರವರೆಗೆ ಕೂರಲು ಬಿಡುತ್ತಿದ್ದರು. ಜತ್ ಹುಡುಗ ಬಾಗಿಲು ಬಾಗಿಲು ತಟ್ಟಿ ಜನರನ್ನು ಕರೆತಂದ. 'ಏನು ಕಷ್ಟ ಇದೆ ಹೇಳಿ' ಅಂದರೆ ಯಾರೂ ಹೇಳುವುದಿಲ್ಲ, ಇದು ನಾನು ಕಲಿತದ್ದು. 'ನಿನ್ನೆ ಏನು ತಿಂದಿರಿ' ಅಂದರೆ ಹೇಳುತ್ತಾರೆ. ಅಲ್ಲಿಂದ ಮಾತು ಎಲ್ಲಿಗೋ ಹೋಗುತ್ತದೆ. ಒಬ್ಬ ಹುಡುಗ ರಾತ್ರಿ ಮೆಸ್ ಊಟ ಬಿಟ್ಟು ಬರೀ ವಡಾಪಾವ್ ತಿಂದು ತಿಂಗಳು ದೂಡುತ್ತಿದ್ದ. ಅವನ ಪಕ್ಕದ ಕೋಣೆಯವರಿಗೇ ಅದು ಗೊತ್ತಿರಲಿಲ್ಲ.

ಹುಡುಗಿಯರ ಹಾಸ್ಟೆಲ್‌ನಲ್ಲಿ ಬೇರೊಂದು ವಿಷಯ ಬಂತು. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯಲ್ಲಿ ವಿದ್ಯಾರ್ಥಿಗಳು ಯಾರಿದ್ದಾರೆ ಎಂದು ಒಬ್ಬಳು ಕೇಳಿದಳು. ಯಾರಿಗೂ ಗೊತ್ತಿಲ್ಲ. ರಾತ್ರಿ ಗಾಡಿಯಲ್ಲಿ ನಿಯಮ ಹುಡುಕಿ ಓದಿದೆ. ದೂರು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ಸಮಿತಿಯಲ್ಲಿ ಮೂವರು ವಿದ್ಯಾರ್ಥಿಗಳು ಇರಬೇಕು, ಅವರು ಚುನಾವಣೆಯಿಂದಲೇ ಬರಬೇಕು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮದಲ್ಲಿದೆ. ನಾನು ಹೆಣ್ಣುಮಗಳು, ಎರಡನೇ ವರ್ಷದವಳು, ಅಧ್ಯಕ್ಷೆಯಾಗಬೇಕು ಅಂತ ನಿಂತವಳು. ಅದುವರೆಗೆ ಇದನ್ನು ಓದಿರಲಿಲ್ಲ.

ಮೆಸ್ಸಿನಲ್ಲಿ ಪಾತ್ರೆ ತೊಳೆಯುವ ಇಬ್ಬರು ವಿಜಯಪುರ ಜಿಲ್ಲೆಯವರು. ಅವರಿಗೆ ಓಟಿಲ್ಲ. ಅವರ ಹತ್ತಿರವೂ ಕೂತೆ. ಅಪ್ಪ ಲೋಟ ತೊಳೆಯುತ್ತಿದ್ದ ವಯಸ್ಸಿನ ಹುಡುಗರಲ್ಲ, ನಲವತ್ತು ದಾಟಿದವರು. 'ನಮಗ ಕುಂದರಾಕ ಒಂದು ಫ್ಯಾನ್ ಇರೋ ಜಾಗ ಬೇಕ್ರಿ, ಊಟದ ಹೊತ್ತಿನ್ಯಾಗ' ಅಂದರು. ಅದನ್ನೂ ಬರೆದುಕೊಂಡೆ.

21 ಭರವಸೆಯ ಹಾಳೆಯನ್ನು ಪಕ್ಕಕ್ಕೆ ಇಟ್ಟೆ. ಹೊಸದಾಗಿ ನಾಲ್ಕೇ ಸಾಲು ಬರೆದೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ರಸೀದಿ ತೋರಿಸಿದವರಿಂದ ದುಡ್ಡು ಬರುವವರೆಗೆ ಹಾಸ್ಟೆಲ್, ಮೆಸ್ ಶುಲ್ಕ ಕೇಳಬಾರದು. ಬಾಕಿಯ ಕಾರಣಕ್ಕೆ ಹಾಲ್ ಟಿಕೆಟ್ ತಡೆಯಬಾರದು. ಆಂತರಿಕ ಸಮಿತಿಗೆ ವಿದ್ಯಾರ್ಥಿಗಳ ಚುನಾವಣೆ ನಡೆಯಬೇಕು. ಮೆಸ್ ಕೆಲಸಗಾರರಿಗೆ ಕೂರುವ ಕೋಣೆ ಬೇಕು. ನನ್ನ ಪ್ರಚಾರಕ್ಕೆ ನಿಂತಿದ್ದ ಇಬ್ಬರಿಗೆ ಸಿಟ್ಟು ಬಂತು. ಲೈಬ್ರರಿ ಸಮಯ ಬಿಟ್ಟರೆ ಲೋಕಲ್‌ನಲ್ಲಿ ಬರುವವರ ಓಟು ಹೋಗುತ್ತದೆ, ಕೊನೆಯ ಗಳಿಗೆಯಲ್ಲಿ ಯಾರಾದರೂ ಹೀಗೆ ಮಾಡುತ್ತಾರಾ ಅಂದರು. ಅವರ ಲೆಕ್ಕ ಸರಿ ಇತ್ತು.

ಓಟಿನ ಹಿಂದಿನ ರಾತ್ರಿ ಮೂವರು ಅಭ್ಯರ್ಥಿಗಳ ಚರ್ಚೆ. ಸಭಾಂಗಣ ತುಂಬಿತ್ತು, ಕಿಟಕಿಗಳಲ್ಲೂ ಜನ. ಮಾಥೇರಾನ್‌ನಲ್ಲಿ ಹುಟ್ಟಿ ಶಿರಸಿ, ಧಾರವಾಡಗಳಲ್ಲಿ ಬೆಳೆದ ಗಿರೀಶ ಕಾರ್ನಾಡರು 1963ರಲ್ಲಿ ಆಕ್ಸ್‌ಫರ್ಡ್ ಯೂನಿಯನ್ ಎಂಬ ಅಲ್ಲಿಯ ವಿದ್ಯಾರ್ಥಿಗಳ ಚರ್ಚಾ ಸಂಘದ ಅಧ್ಯಕ್ಷರಾಗಿದ್ದರು. ಚಿಕ್ಕವಳಿದ್ದಾಗ ಇದನ್ನು ಕೇಳಿದಾಗಿನಿಂದ ನನ್ನ ಕಣ್ಣ ಮುಂದೆ ಒಂದು ಚಿತ್ರ ಇತ್ತು: ದೊಡ್ಡ ಸಭಾಂಗಣ, ಪರಭಾಷೆಯ ಜನ, ಅವರನ್ನು ಮಾತಿನಿಂದಲೇ ಗೆಲ್ಲುವ ಕನ್ನಡದ ಒಬ್ಬರು. ನಾನು ಆ ಚಿತ್ರದೊಳಗೆ ಹೋಗಬೇಕೆಂದೇ ನಿಂತಿದ್ದೆ ಅಂತ ಕಾಣುತ್ತದೆ. ಅವತ್ತು ವೇದಿಕೆ ಹತ್ತಿದಾಗ ಆ ಚಿತ್ರ ಬರಲಿಲ್ಲ. ನೂರಕ್ಕೆ ಮೂರು ರೂಪಾಯಿ ಬಡ್ಡಿ ನೆನಪಿಗೆ ಬಂತು.

ನಾನು ಅವಳ ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಬರೀ ಲೆಕ್ಕ ಹೇಳಿದೆ. ಇಷ್ಟು ಸಾಲ, ಇಷ್ಟು ತಿಂಗಳು, ಇಷ್ಟು ಬಡ್ಡಿ. 'ಈ ಬಡ್ಡಿ ಯಾರು ಕೊಡಬೇಕು?' ಎಂದು ಹಿಂದಿಯಲ್ಲಿ ಕೇಳಿ ನಿಲ್ಲಿಸಿದೆ. ಸಭೆಯಲ್ಲಿ ಚಪ್ಪಾಳೆ ಬರಲಿಲ್ಲ. ಸದ್ದೇ ಇರಲಿಲ್ಲ. ನನ್ನ ಎದುರಾಳಿ ಹುಡುಗ ತನ್ನ ಸರದಿ ಬಂದಾಗ ಮೊದಲ ಮಾತಾಗಿ ಹೇಳಿದ: 'ಗೆದ್ದರೆ ಈ ವಿಷಯ ನಾನೂ ಎತ್ತಿಕೊಳ್ಳುತ್ತೇನೆ.' ಅವನು ಹಾಗೆ ಹೇಳಬೇಕಾಗಿರಲಿಲ್ಲ. ಅವನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ.

ಮರುದಿನ ಓಟು. ಸಂಜೆಗೆ ಎಣಿಕೆ. ಮೊದಲ ಪೆಟ್ಟಿಗೆಯಲ್ಲಿ ನಾನು ಮುಂದೆ, ಎರಡನೆಯದರಲ್ಲಿ ಸಮ, ಮೂರನೆಯದರಲ್ಲಿ ಹಿಂದೆ. ಅವನಿಗೆ 412, ನನಗೆ 381. 31 ಓಟಿನಿಂದ ಸೋತೆ. ಲೈಬ್ರರಿಯ ಮಾತು ಬಿಡದಿದ್ದರೆ ಗೆಲ್ಲುತ್ತಿದ್ದೆನೇನೋ. ಗೆಳೆಯರು ಆಮೇಲೆ ಎಷ್ಟೋ ದಿನ ಆ ಲೆಕ್ಕ ಹಾಕಿದರು. ನಾನು ಅತ್ತೆ. ಕ್ಯಾಂಟೀನ್ ಹಿಂದೆ, ಅದೇ ಜಾಗದಲ್ಲಿ, ಜೋರಾಗಿಯೇ ಅತ್ತೆ. ಇನ್ನೊಂದು ಸಲ ನಿಲ್ಲುವ ಹಾಗಿಲ್ಲವಲ್ಲ ಅನ್ನುವುದು ಎದೆಗೆ ಚುಚ್ಚುತ್ತಿತ್ತು.

ಮನೆಗೆ ಬಂದಾಗ ರಾತ್ರಿ ಹನ್ನೆರಡು ಹತ್ತಿರ. ಅಪ್ಪ ಎದ್ದಿದ್ದರು. ಎಷ್ಟು ಓಟು ಬಂತು ಎಂದು ಕೇಳಿದರು. 381 ಅಂದೆ. 'ಅಷ್ಟು ಜನ ನಿನ್ನ ಹೆಸರಿನ ಮುಂದೆ ಗುರುತು ಹಾಕಿದರಾ?' ಅಂದರು. ಸಮಾಧಾನಕ್ಕೆ ಹೇಳಿದ್ದಲ್ಲ, ಅವರಿಗೆ ನಿಜವಾಗಿ ಆಶ್ಚರ್ಯವಾಗಿತ್ತು. ಅಮ್ಮ ಗಂಜಿ ಬಡಿಸಿದಳು.

ಫಲಿತಾಂಶ ಬಂದ ಎರಡು ವಾರದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಗೆದ್ದವರೂ ಕೊಡಬೇಕು, ಸೋತವರೂ ಕೊಡಬೇಕು. ನನ್ನದು 1,940 ರೂಪಾಯಿ. ಅಮ್ಮ ಕತ್ತರಿಸಿದ ಪ್ಲಾಸ್ಟಿಕ್ ಚೀಲಕ್ಕೆ ಸೊನ್ನೆ ಎಂದು ಬರೆದೆ. ಆ ಕಾಗದ ಕೊಡಲು ಹೋದಾಗ ಗೆದ್ದ ಹುಡುಗ ಅಲ್ಲೇ ಸಿಕ್ಕ. 'ಫೀಸಿನ ವಿಷಯಕ್ಕೆ ಒಂದು ಸಣ್ಣ ಗುಂಪು ಮಾಡ್ತಿದ್ದೀನಿ, ನೀನು ಬರ್ತೀಯಾ? ಲೆಕ್ಕ ಎಲ್ಲ ನಿನ್ನ ಹತ್ರ ಇದೆ' ಎಂದು ಕೇಳಿದ. ಹಾವೇರಿ ಹುಡುಗಿಯನ್ನೂ ಸೇರಿಸಿಕೊಂಡರೆ ಬರುತ್ತೇನೆ ಅಂದೆ. ಅವಳು ಮೊದಲು ಒಪ್ಪಲಿಲ್ಲ, 'ನನಗ ಹಿಂದಿ ನೆಟ್ಟಗ ಬರಂಗಿಲ್ಲ' ಅಂದಳು. ಬಂದಳು. ಮೂರನೇ ಸಭೆಯ ಹೊತ್ತಿಗೆ ಅಧಿಕಾರಿಗಳ ಎದುರು ಅವಳೇ ಮಾತಾಡುತ್ತಿದ್ದಳು. ಹಿಂದಿ ತಪ್ಪಿದಲ್ಲಿ ಕನ್ನಡದಲ್ಲೇ ಹೇಳಿ ನನ್ನ ಕಡೆ ನೋಡುತ್ತಿದ್ದಳು. ನಾನು ಅದನ್ನು ಮರಾಠಿಯಲ್ಲಿ ಹೇಳುತ್ತಿದ್ದೆ. ಆ ವರ್ಷ ನಾನು ಮಾಡಿದ ಕೆಲಸಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಅದು.

ಅರ್ಧ ಗೆದ್ದೆವು. ರಸೀದಿ ತೋರಿಸಿದವರಿಗೆ ಹಾಲ್ ಟಿಕೆಟ್ ತಡೆಯುವುದಿಲ್ಲ ಎಂದು ಜನವರಿಯಲ್ಲಿ ಪತ್ರ ಬಂತು. ಹಾಸ್ಟೆಲ್ ಶುಲ್ಕ ಕಂತಿನಲ್ಲಿ ಕಟ್ಟಲು ಒಪ್ಪಿದರು, ಪೂರ್ತಿ ಬಿಡಲಿಲ್ಲ. ಆಂತರಿಕ ಸಮಿತಿಯ ಚುನಾವಣೆ ನಾವು ಹೊರಬರುವವರೆಗೂ ಆಗಲಿಲ್ಲ. ಮೆಸ್ ಕೆಲಸಗಾರರಿಗೆ ಒಂದು ಫ್ಯಾನ್ ಬಂತು, ಕೋಣೆ ಬರಲಿಲ್ಲ. ಗೋಡೌನಿನ ಮೂಲೆಯಲ್ಲಿ ಫ್ಯಾನ್ ಹಾಕಿಕೊಟ್ಟರು. ಹಾವೇರಿ ಹುಡುಗಿಯ ಅಪ್ಪ ಬಡ್ಡಿ ತೀರಿಸಿದ್ದು ಅವಳಿಗೆ ಕೆಲಸ ಸಿಕ್ಕ ಮೇಲೆ.

ಈಗ ಅವಳು ಹುಬ್ಬಳ್ಳಿಯಲ್ಲಿದ್ದಾಳೆ. ವಾರಕ್ಕೊಂದು ಸಲ ಫೋನಿನಲ್ಲಿ ಮಾತಾಡುತ್ತೇವೆ. ನನ್ನ ಕನ್ನಡದಲ್ಲಿ ಅವಳ ಕಡೆಯ ಮಾತು ಸೇರಿಕೊಂಡಿದೆ, ಅಮ್ಮ ಗುರುತಿಸುತ್ತಾಳೆ. ಅವತ್ತು ಅವಳು ಯಾರಿಗೆ ಓಟು ಹಾಕಿದಳು ಎಂದು ನಾನು ಇವತ್ತಿಗೂ ಕೇಳಿಲ್ಲ. ನಿನ್ನೆ ರಾತ್ರಿ ಫೋನ್ ಮಾಡಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಮುಂಬಯಿ ಬಸ್ಸಿಗೆ ಕೊಟ್ಟಿದ್ದೇನೆ ಅಂದಳು. ಬಸ್ಸು ಬೆಳಿಗ್ಗೆ ಆರೂವರೆಗೆ ಸಯನ್‌ಗೆ ಬರುತ್ತದಂತೆ. ಡ್ರೈವರ್ ಜಾಸ್ತಿ ಹೊತ್ತು ನಿಲ್ಲಿಸುವುದಿಲ್ಲ. ನಾನು ಐದೂಕಾಲರ ಗಾಡಿಗೆ ಹೊರಡಬೇಕು.